ಎರಡು ನಾಣ್ಯಗಳ ಮೇಲೆ ಒಂದೇ ಉಳಿಯ ಗಾಯ

ಪ್ರಾಚೀನ ರೋಮ್‌ನ ಅಗಸ್ಟಸ್ ಚಕ್ರವರ್ತಿಯ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯವೆಂದು ನಂಬಿ ಕಳೆದ ವರ್ಷ ಬೆಂಗಳೂರಿನ ಮಾರಾಟಗಾರರೊಬ್ಬರಿಂದ 14,000 ರೂಪಾಯಿಗೆ ಕೊಂಡ ನಾಣ್ಯ ನಕಲಿಯಾಗಿತ್ತು. ನಾಣ್ಯಸಂಗ್ರಹದ ಹವ್ಯಾಸವುಳ್ಳ ಇತರರು ಇದೇ ಬಲೆಗೆ ಬೀಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಮರುಳು ಮಾಡಿದ್ದು ಅದರ ಹಿಂಬದಿ. ಚಕ್ರವರ್ತಿಯ ದತ್ತುಪುತ್ರರಾದ ಗೈಯಸ್ ಮತ್ತು ಲೂಸಿಯಸ್ ಈಟಿ ಗುರಾಣಿಗಳೊಡನೆ ನಿಂತಿರುವ ಈ ಮಾದರಿಯಲ್ಲಿ, ಅವರ ನಡುವೆ ಮೇಲ್ಗಡೆ ಒಂದು ಸೌಟು ಮತ್ತು ತುದಿ ಸುರುಳಿಯಾದ ಒಂದು ದಂಡ ಇರುತ್ತವೆ. ಸೌಟು ದೇವರಿಗೆ ದ್ರಾಕ್ಷಾರಸ ಅರ್ಪಿಸುವ ಸಿಂಪುಲಮ್, ಗೈಯಸ್‌ನ ಅರ್ಚಕ ಪದವಿಯ ಗುರುತು. ದಂಡವು ಹಕ್ಕಿಗಳ ಹಾರಾಟದಲ್ಲಿ ಶಕುನ ನೋಡುತ್ತಿದ್ದವರ ಲಿಟುಸ್, ಲೂಸಿಯಸ್‌ಗೆ ಸೇರಿದ್ದು. ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ರಿ.ಪೂ. 2ರಿಂದ ಟಂಕಿಸಲಾದ ಈ ನಾಣ್ಯಗಳು ಭಾರತಕ್ಕೆ ಹೇರಳವಾಗಿ ಬಂದವು. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿದ್ದುದರಿಂದ, "ಚಿತ್ರದುರ್ಗದ ಹೊಲದಲ್ಲಿ ಸಿಕ್ಕಿದ್ದು ಸಾರ್" ಎಂಬ ಮಾರಾಟಗಾರರ ಮಾತು ನನಗೆ ಸಹಜವಾಗಿಯೇ ಕೇಳಿಸಿತು. ಆ ಮಾತು ನಿಜವಾಗಿದ್ದರೆ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಮಾರಿದಂತಾಗುತ್ತಿತ್ತು ಎಂಬುದು ಆಗ ಹೊಳೆಯಲಿಲ್ಲ.

ಅಗಸ್ಟಸ್‌ನ ಕೆನ್ನೆಯ ಮೇಲೆ ಉಳಿಯ ಗಾಯವೊಂದಿತ್ತು. ಭಾರತದಲ್ಲಿ ದೊರೆತ ಎಷ್ಟೋ ರೋಮನ್ ನಾಣ್ಯಗಳಲ್ಲಿ ಇಂಥ ಕಡಿತಗಳಿರುವುದರಿಂದ ಅದನ್ನೇ ಪುರಾವೆ ಎಂದುಕೊಂಡೆ. ಎರಡು ತಿಂಗಳ ನಂತರ ಅದೇ ಅಂಗಡಿಯ ತಟ್ಟೆಯಲ್ಲಿ ಮತ್ತೊಂದು ನಾಣ್ಯ ಕಂಡಿತು. ಅದೇ ಕೆನ್ನೆ, ಅದೇ ಓರೆ, ಅಷ್ಟೇ ಉದ್ದದ ಗಾಯ! ಒಂದೇ ಅಚ್ಚಿನಲ್ಲಿ ಹಲವು ನಾಣ್ಯಗಳನ್ನು ಟಂಕಿಸಬಹುದು, ಆದರೆ ಆಮೇಲೆ ಉಳಿಯಿಂದ ಬಿದ್ದ ಏಟು ಎರಡರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರಲು ಸಾಧ್ಯವಿಲ್ಲ. ಗಾಯವಿದ್ದ ಒಂದು ಅಸಲಿ ನಾಣ್ಯದಿಂದ ಪಡಿಯಚ್ಚು ತೆಗೆದು ಎರಕ ಹೊಯ್ದಿದ್ದರು.

ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದಾಗ ಅಂಚಿನುದ್ದಕ್ಕೂ ಅರದಿಂದ ಉಜ್ಜಿದ ಸಣ್ಣ ಗೆರೆ, ಅಕ್ಷರಗಳ ಸಂದುಗಳಲ್ಲಿ ಗುಳ್ಳೆಗಳು ಕಂಡವು. ತೂಕ 2.9 ಗ್ರಾಂ, ಸವೆಯದ ಅಸಲಿ ನಾಣ್ಯ 3.8 ಗ್ರಾಂ ಆಸುಪಾಸಿನಲ್ಲಿರುತ್ತದೆ. ಲಿಟುಸ್‌ನ ಸುರುಳಿ ಬರಿಯ ಗಂಟಾಗಿ ಹೋಗಿತ್ತು. ಚಿತ್ರ ಕೆಟ್ಟಿದೆ ಎಂಬುದೊಂದರಿಂದಲೇ ನಕಲಿ ಎನ್ನಲಾಗದು, ಏಕೆಂದರೆ ಭಾರತದಲ್ಲಿ ಪ್ರಾಚೀನ ಕಾಲದಲ್ಲೇ ತಯಾರಾದ ಅನುಕರಣೆಗಳೂ ಇವೆ; ತೂಕ, ಅಂಚು, ಗಾಯ ಮೂರನ್ನೂ ಹಣ ಕೊಡುವ ಮೊದಲು ಪರೀಕ್ಷಿಸಬೇಕಿತ್ತು.

ಹಣ ಮರಳಿ ಕೇಳಿದಾಗ ಮಾರಾಟಗಾರರು ರಸೀದಿಯನ್ನು ತೋರಿಸಿದರು. ಅದರಲ್ಲಿ ರೋಮ್ ಎಂದಾಗಲಿ ಬೆಳ್ಳಿ ಎಂದಾಗಲಿ ಇರಲಿಲ್ಲ. "ಅಲಂಕಾರದ ಬಿಲ್ಲೆ, 1" ಎಂದಷ್ಟೇ ಬರೆದಿತ್ತು.