ಚಿಕ್ಕಮಗಳೂರಿಂದ ಪುಣೆಗೆ ಫಾರ್ಚೂನರ್: ಹೋಗ್ತಾ 12.7, ಬರ್ತಾ 10.4

2021ರಲ್ಲಿ ತಗೊಂಡ 2.8 ಲೀಟರ್ ಡೀಸೆಲ್ ಆಟೋಮ್ಯಾಟಿಕ್, ಫೋರ್ ಬೈ ಫೋರ್. ಇಲ್ಲಿಯವರೆಗೆ 62 ಸಾವಿರ ಕಿಲೋಮೀಟರ್ ಓಡಿದೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, 'ಮೈಲೇಜ್ ಎಷ್ಟು ಕೊಡುತ್ತೆ?' ಈ ಸಲ ಸರಿಯಾಗಿ ಲೆಕ್ಕ ಇಟ್ಟೆ.

ಮಗಳ ಮನೆ ಪುಣೆಯಲ್ಲಿ. ಕಡೂರು, ಹೊಸದುರ್ಗ, ಹೊಳಲ್ಕೆರೆ ಮೇಲೆ ಚಿತ್ರದುರ್ಗ ಸೇರಿದರೆ ಆಮೇಲೆ ಪೂರ್ತಿ ಹೆದ್ದಾರಿ. ನಾಲ್ಕು ಜನ, ಹಿಂದೆ ತುಂಬ ಲಗೇಜು. ಊರಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಹೊರಟೆವು. ಪುಣೆಯಲ್ಲಿ ಮತ್ತೆ ಫುಲ್ ಮಾಡಿಸಿದಾಗ ಹಿಡಿದದ್ದು 61.5 ಲೀಟರ್. ಓಡಿದ್ದು 784 ಕಿ.ಮೀ. ಅಂದರೆ ಲೀಟರಿಗೆ 12.7 ಕಿ.ಮೀ. ಎರಡು ಟನ್ ದಾಟುವ ಗಾಡಿಗೆ ಇದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ಹೋಗುವಾಗ ಓಡಿಸಿದ್ದು ನಾನು. ಚಿತ್ರದುರ್ಗ ದಾಟಿದ ಮೇಲೆ ಕ್ರೂಸ್ ಕಂಟ್ರೋಲ್ 90ಕ್ಕೆ ಇಟ್ಟೆ. ಆ ವೇಗದಲ್ಲಿ ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಎರಡು ಸಾವಿರ ಮುಟ್ಟುವುದೇ ಇಲ್ಲ.

ಬರುವಾಗ ಭಾವ ಸ್ಟೀರಿಂಗ್ ಹಿಡಿದರು. ಅವರಿಗೆ ಬೇಗ ಊರು ಸೇರಬೇಕಿತ್ತು. ರಸ್ತೆ ಖಾಲಿ ಸಿಕ್ಕ ಕಡೆಯೆಲ್ಲ 115. ನಾಲ್ಕು ಲೇನ್ ಹೆದ್ದಾರಿಯಲ್ಲಿ ಕಾರಿಗೆ ಮಿತಿ ಇರುವುದೇ 100, ಎರಡು ಸಲ ಹೇಳಿದೆ. ಹೊಸದುರ್ಗ ದಾಟುವಾಗಲೇ ಡೀಸೆಲ್ ದೀಪ ಹತ್ತಿತು. ಊರಲ್ಲಿ 75.2 ಲೀಟರ್ ಹಿಡಿಯಿತು. ಟ್ಯಾಂಕ್ ಇರುವುದೇ 80 ಲೀಟರ್! ಅದೇ ದಾರಿ, ಅದೇ ಜನ, ಲೆಕ್ಕ ಮಾತ್ರ 10.4.

ಪುಣೆಗಿಂತ ನಮ್ಮೂರು ಸುಮಾರು 500 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಜಾಸ್ತಿ ಕುಡಿಯಿತು ಅಂತ ಭಾವನ ವಾದ. ನಾನು ಕೂತು ಲೆಕ್ಕ ಹಾಕಿದೆ. ಇಷ್ಟು ಭಾರದ ಗಾಡಿಯನ್ನು ಅಷ್ಟು ಎತ್ತರಕ್ಕೆ ಏರಿಸಲು ಒಂದು ಲೀಟರ್ ಆಸುಪಾಸು ಸಾಕು. ಉಳಿದದ್ದೆಲ್ಲ ಹೆಚ್ಚುಕಡಿಮೆ ಗಾಳಿಗೆ ಹೋದದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 90ರಿಂದ 115ಕ್ಕೆ ಹೋದರೆ ಅದು ಒಂದೂವರೆ ಪಟ್ಟು ದಾಟುತ್ತದೆ. ಆರಡಿ ಎತ್ತರ, ಆರಡಿ ಅಗಲದ ಮೂತಿ ಇದು, ಗೋಡೆ ತಳ್ಳಿದ ಹಾಗೆ ಅಲ್ವಾ? ಇಷ್ಟಕ್ಕೂ ಉಳಿದ ಸಮಯ ಮುಕ್ಕಾಲು ಗಂಟೆ. ಸುಟ್ಟದ್ದು ಹತ್ತಿರ ಹತ್ತಿರ 14 ಲೀಟರ್ ಜಾಸ್ತಿ.

ಟೈರಿನ ಗಾಳಿಯನ್ನೂ ಹೇಳಬೇಕು. ಹೊರಡುವ ಹಿಂದಿನ ದಿನ ಒಂದು ಅಂಗಡಿಯಲ್ಲಿ ಗಾಳಿ ಹೊಡೆಸಿದ್ದೆ. ಕಡೂರಲ್ಲಿ ಸುಮ್ನೆ ಇನ್ನೊಂದು ಸಲ ನೋಡಿಸಿದರೆ ಎರಡು ಟೈರಲ್ಲಿ ಕಡಿಮೆ ಇತ್ತು. ಬಾಗಿಲ ಪಕ್ಕದ ಸ್ಟಿಕರ್ ನೋಡಿ ಸರಿ ಮಾಡಿಸಿದೆ. ಗಾಳಿ ಕಡಿಮೆ ಇದ್ದರೆ ಟೈರ್ ಬಿಸಿಯಾಗುತ್ತದೆ, ಡೀಸೆಲ್ಲೂ ಜಾಸ್ತಿ ಹೋಗುತ್ತದೆ.

ಇನ್ನು ಊರಿನ ಓಡಾಟ. ಆಲ್ದೂರು ಕಡೆ ತೋಟಕ್ಕೆ ದಿನಾ ಹೋಗಿ ಬಂದರೆ 8 ಸಿಗುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಬಿಎಸ್ 6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಗೆ ಬರೀ ಇಂಥ ಸಣ್ಣ ಓಡಾಟ ಒಳ್ಳೆಯದಲ್ಲ, ಹೊಗೆಯ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಹಾಸನ ದಾಟಿ ಬೆಂಗಳೂರು ರಸ್ತೆಗೆ ಒಯ್ಯುತ್ತೇನೆ, 90ರಲ್ಲೇ.