ಶೆಡ್ಯೂಲರ್ ಫೋನಿನಲ್ಲಿ ‘ಸರಿ’ ಅಂದರೆ ಅಷ್ಟಕ್ಕೇ ಹೊರಡಬೇಡಿ

ಮಿಸ್ಟರಿ ಶಾಪಿಂಗ್ ಮಾಡುವವರು, ಶುರು ಮಾಡಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಗ್ರಾಹಕರ ಹಾಗೆ ಅಂಗಡಿಗೋ ಹೋಟೆಲಿಗೋ ಹೋಗಿ, ಅಲ್ಲಿ ಹೇಗೆ ನೋಡಿಕೊಂಡರು ಅಂತ ರಿಪೋರ್ಟ್ ಬರೆದುಕೊಡುವ ಕೆಲಸ ಇದು. ನನಗೆ ಸಿಕ್ಕ ಕೆಲಸದಲ್ಲಿ ಖರ್ಚು ಮೊದಲು ನಮ್ಮ ಕೈಯಿಂದಲೇ. ರಿಪೋರ್ಟ್ ಪಾಸಾದರೆ ಮಾತ್ರ ದುಡ್ಡು ವಾಪಸ್. ನನ್ನ 1,460 ರೂಪಾಯಿ ಹೋಗಿದ್ದು ಹೀಗೆ.

ಜಯನಗರ 4ನೇ ಬ್ಲಾಕ್ ಹತ್ತಿರದ ಒಂದು ರೆಸ್ಟೋರೆಂಟ್. ಶನಿವಾರ ಮಧ್ಯಾಹ್ನ 1ರಿಂದ 3ರ ಒಳಗೆ ಊಟ ಮಾಡಬೇಕು. 1,500ರವರೆಗಿನ ಬಿಲ್ ಕೊಡುತ್ತಾರೆ, ಮೇಲೆ 300 ಫೀಸು. ಶುಕ್ರವಾರ ಸಂಜೆ ಅಮ್ಮನಿಗೆ ಜ್ವರ ಬಂತು. ಯಾರು ಯಾವತ್ತು ಎಲ್ಲಿಗೆ ಹೋಗಬೇಕು ಅಂತ ಗೊತ್ತುಮಾಡುವ ಶೆಡ್ಯೂಲರ್‌ಗೆ ಫೋನ್ ಮಾಡಿದೆ. “ಪರವಾಗಿಲ್ಲ ಮೇಡಂ, ಭಾನುವಾರ ಹೋಗಿ ಬನ್ನಿ. ಡೇಟ್ ನಾನು ಚೇಂಜ್ ಮಾಡ್ತೀನಿ” ಅಂದರು. ಅಷ್ಟು ಚೆನ್ನಾಗಿ ಮಾತಾಡಿದವರನ್ನು ಮತ್ತೆ ಮತ್ತೆ ಕೇಳೋಕೆ ಸಂಕೋಚ ಆಯಿತು. ಕೆಲಸದ ವಿವರ ಇರುವ ಕಂಪನಿಯ ವೆಬ್‌ಸೈಟ್, ಅಂದರೆ ಪೋರ್ಟಲ್‌ನಲ್ಲಿ ಇನ್ನೂ ಶನಿವಾರ ಅಂತಲೇ ಇತ್ತು. ಆಮೇಲೆ ಬದಲಾಯಿಸುತ್ತಾರೆ ಬಿಡು ಅಂದುಕೊಂಡೆ.

ಭಾನುವಾರ ತಂಗಿಯನ್ನು ಕರೆದುಕೊಂಡು ಹೋದೆ. ನೀರು ತಂದಿಡಲು ಎಷ್ಟು ಹೊತ್ತು, ಆರ್ಡರ್ ತಗೊಂಡವರ ಹೆಸರು, ಟಾಯ್ಲೆಟ್‌ನಲ್ಲಿ ಸೋಪು ಇತ್ತೋ ಇಲ್ಲವೋ, ಎಲ್ಲ ಗುರುತು ಹಾಕಿಕೊಂಡೆ. ರಾತ್ರಿ 11 ಗಂಟೆವರೆಗೆ ಕೂತು ರಿಪೋರ್ಟ್ ತುಂಬಿದೆ. ನಾಲ್ಕು ದಿನ ಬಿಟ್ಟು ಒಂದೇ ಸಾಲಿನ ಮೇಲ್ ಬಂತು: ತಾರೀಖು ತಪ್ಪು, ರಿಪೋರ್ಟ್ ರಿಜೆಕ್ಟ್.

ಫೋನ್ ಮಾಡಿದರೆ ಬೇರೆ ಯಾರೋ ಎತ್ತಿದರು. ಮೊದಲಿನವರು ಕೆಲಸ ಬಿಟ್ಟಿದ್ದರು. ನನ್ನ ಹತ್ತಿರ ಇದ್ದಿದ್ದು ಕಾಲ್ ಲಾಗ್ ಒಂದೇ: ಶುಕ್ರವಾರ ಸಂಜೆ 6.42, ಮೂರು ನಿಮಿಷ. ಆ ಮೂರು ನಿಮಿಷ ಏನು ಮಾತಾಡಿದೆವು ಅಂತ ಅದರಲ್ಲಿ ಎಲ್ಲಿದೆ? ಮೂರು ಸಲ ಮೇಲ್ ಮಾಡಿದೆ, ಒಂದೂ ಕೆಲಸಕ್ಕೆ ಬರಲಿಲ್ಲ. ಆ ಶೆಡ್ಯೂಲರ್ ಬೇಕಂತ ಮೋಸ ಮಾಡಿದರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಹತ್ತಾರು ಜನರ ಕೆಲಸ ನೋಡಿಕೊಳ್ಳುವವರು, ಮರೆತಿರಬಹುದು. ಆದರೆ ದುಡ್ಡು ಹೋಗಿದ್ದು ನನ್ನದು ಅಲ್ವಾ?

ಈಗ ಫೋನ್ ಇಟ್ಟ ತಕ್ಷಣ ಮೇಲ್ ಕಳಿಸುತ್ತೇನೆ. ಸಬ್ಜೆಕ್ಟ್‌ನಲ್ಲಿ ಅಸೈನ್‌ಮೆಂಟ್ ನಂಬರ್, ಕೆಳಗೆ ಎರಡೇ ಸಾಲು: “ಈಗ ಫೋನಿನಲ್ಲಿ ಹೇಳಿದ ಹಾಗೆ ಭಾನುವಾರ 1ರಿಂದ 3ರ ಒಳಗೆ ಹೋಗುತ್ತೇನೆ. ಪೋರ್ಟಲ್‌ನಲ್ಲಿ ತಾರೀಖು ಬದಲಾಯಿಸಿ ತಿಳಿಸಿ.” ಬದಲಾಗುವವರೆಗೆ ಮನೆಯಿಂದ ಹೊರಡುವುದಿಲ್ಲ. ಬ್ರಾಂಚ್ ಬದಲಾದರೂ, ಪಾರ್ಸಲ್ ತಗೊಳ್ಳಿ ಅಂದರೂ ಹೀಗೇ.

ಇನ್ನೊಂದು ಮಾತು. ಶೆಡ್ಯೂಲರ್ ಅಂತ ಹೇಳಿಕೊಂಡು ವಾಟ್ಸಾಪ್‌ನಲ್ಲೋ ಟೆಲಿಗ್ರಾಂನಲ್ಲೋ ಬಂದು, ರಿಜಿಸ್ಟ್ರೇಷನ್‌ಗೆ ಮೊದಲು ದುಡ್ಡು ಹಾಕಿ ಅನ್ನುವವರೂ ಇದ್ದಾರೆ. ಟಿಡಿಎಸ್‌ಗೆ ಪ್ಯಾನ್, ಹಣ ಹಾಕಲು ಬ್ಯಾಂಕ್ ಅಕೌಂಟ್ ನಂಬರ್ ಕೇಳುವುದು ಸರಿ. ಓಟಿಪಿ, ಯುಪಿಐ ಪಿನ್ ಕೇಳಿದರೆ ಅಲ್ಲೇ ಬ್ಲಾಕ್ ಮಾಡಿ. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.