ಸಂಜೆ ಬ್ಯಾಚಿನ ಟೆಸ್ಟಿಂಗ್ ಕೋರ್ಸು: ಎರಡು ವರ್ಷಗಳ ನಂತರ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದ ನಾನು 2023ರ ಜುಲೈನಲ್ಲಿ ರಾಜಾಜಿನಗರದ ತರಬೇತಿ ಕೇಂದ್ರವೊಂದರಲ್ಲಿ ಐದು ತಿಂಗಳ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ಸೇರಿದೆ. ಪಠ್ಯದ ಪಟ್ಟಿ ಇಂಥ ಎಲ್ಲ ಕೇಂದ್ರಗಳ ಕರಪತ್ರದಲ್ಲೂ ಒಂದೇ ಆಗಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಕೇಂದ್ರದ ಹೆಸರನ್ನೂ ಬರೆಯುತ್ತಿಲ್ಲ. ನಾನು ಮೆಚ್ಚಿದ ಕೋರ್ಸು ಒಬ್ಬ ಅಧ್ಯಾಪಕರ ಜೊತೆ ಬಂದು ಅವರ ಜೊತೆಗೇ ಹೊರಟುಹೋದದ್ದರಿಂದ, ಹೆಸರು ತಿಳಿದು ಯಾರಿಗೂ ಪ್ರಯೋಜನವಿಲ್ಲ.

ಸೇರುವ ಮೊದಲು ಮೂರು ಕಡೆ ಡೆಮೊ ಕ್ಲಾಸಿನಲ್ಲಿ ಕುಳಿತಿದ್ದೆ. ಮಾರತ್‌ಹಳ್ಳಿಯ ಕೇಂದ್ರಕ್ಕೆ ಹೋಗಬೇಕಾದರೆ ಕೆಲಸ ಬಿಟ್ಟು ಅಲ್ಲೇ ಪಿಜಿ ಹಿಡಿಯಬೇಕಿತ್ತು. ಆನ್‌ಲೈನ್ ಕೋರ್ಸೊಂದರ ಶುಲ್ಕ ನನ್ನ ನಾಲ್ಕು ತಿಂಗಳ ಸಂಬಳವನ್ನು ಮೀರಿತ್ತು. ತಿಂಗಳಿಗೆ 28,000 ರೂಪಾಯಿಯಲ್ಲಿ ಮನೆ ಬಾಡಿಗೆ, ಮಗಳ ಶಾಲೆ, ಊರಿಗೆ ಕಳಿಸುವ ಹಣ ಎಲ್ಲವನ್ನೂ ತೂಗಿಸುವವನಿಗೆ ಸಂಬಳ ನಿಲ್ಲಿಸಿ ಕಲಿಯುವ ಮಾತೇ ಇರಲಿಲ್ಲ. ಹೀಗಾಗಿ ಮೆಟ್ರೋ ದಾರಿಯಲ್ಲಿದ್ದ ಕೇಂದ್ರ ಉಳಿಯಿತು. ಶುಲ್ಕ 45,000, ಶೇ. 18ರ ಜಿಎಸ್‌ಟಿ ಸೇರಿ 53,100 ರೂಪಾಯಿ. ತಿಂಗಳಿಗೆ 5,900ರಂತೆ ಒಂಬತ್ತು ಕಂತು. ಈ ಕಂತು ಕೇಂದ್ರಕ್ಕೆ ಕಟ್ಟುವ ಫೀಸಲ್ಲ, ಫೈನಾನ್ಸ್ ಕಂಪನಿಯೊಂದರಲ್ಲಿ ನನ್ನ ಹೆಸರಿಗೆ ಬರೆದ ಸಾಲ, ಕೇಂದ್ರಕ್ಕೆ ಪೂರ್ತಿ ಹಣ ಆರಂಭದಲ್ಲೇ ಸೇರಿಹೋಗಿರುತ್ತದೆ ಎಂಬುದು ಸಹಿ ಹಾಕಿದ ಮೇಲಷ್ಟೇ ಅರ್ಥವಾಯಿತು. ಎರಡನೇ ತಿಂಗಳಲ್ಲಿ ಕೋರ್ಸು ಬಿಟ್ಟ ಮೂವರು ಸಹಪಾಠಿಗಳು ಕ್ಲಾಸಿಗೆ ಬರದೆಯೂ ಕಂತು ಕಟ್ಟುತ್ತಲೇ ಇದ್ದರು.

ಮೊದಲ ಮೂರು ತಿಂಗಳ ದಿನಚರಿಯನ್ನು ಮಾತ್ರ ಈಗಲೂ ಸಂತೋಷದಿಂದ ನೆನೆಯುತ್ತೇನೆ. ಮೊದಲ ಶಿಫ್ಟು ಮುಗಿಯುವುದು ಎರಡೂವರೆಗೆ. ಕೈಗಂಟಿದ, ಯಂತ್ರ ತಣಿಸುವ ಕೂಲಂಟ್ ದ್ರವದ ವಾಸನೆ ಎಷ್ಟು ಸೋಪು ಹಾಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಡಬ್ಬಿ ಮುಗಿಸಿ, ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ರೈಲು ಹತ್ತಿ, ರಾಜಾಜಿನಗರದಲ್ಲಿ ಇಳಿದು ದರ್ಶಿನಿಯಲ್ಲಿ ಅರ್ಧ ಕಾಫಿ ಕುಡಿದು ನಾಲ್ಕಕ್ಕೆ ಕ್ಲಾಸಿನಲ್ಲಿರುತ್ತಿದ್ದೆ. ನಮ್ಮ ಅಧ್ಯಾಪಕರದು ಒಂದೇ ಕಟ್ಟುನಿಟ್ಟು. ಪ್ರತಿದಿನ ಪ್ರತಿಯೊಬ್ಬರೂ ಅಭ್ಯಾಸದ ವೆಬ್‌ಸೈಟಿನಲ್ಲಿ ಒಂದು ದೋಷ ಹುಡುಕಿ, ಅದನ್ನು ಬಾಲ್‌ಪೆನ್ನಿನಲ್ಲಿ ನೋಟ್‌ಬುಕ್ಕಿಗೆ ಬರೆದು ತರಬೇಕು: ಯಾವ ಹಂತಗಳಲ್ಲಿ ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಆಮೇಲೆ ಆ ನೋಟ್‌ಬುಕ್ಕು ಪಕ್ಕದವರ ಕೈಗೆ ಹೋಗುತ್ತದೆ. ಅವರು ನಮ್ಮನ್ನು ಒಂದು ಮಾತೂ ಕೇಳದೆ, ಬರೆದದ್ದನ್ನು ಮಾತ್ರ ಓದಿ ಅದೇ ದೋಷವನ್ನು ತೆರೆಯ ಮೇಲೆ ತರಬೇಕು. ತರಲಾಗದಿದ್ದರೆ ಕೆಂಪು ಗೀಟು, ಮತ್ತು ತಪ್ಪು ಬರೆದವರದೇ ಹೊರತು ಓದಿದವರದಲ್ಲ. ನನ್ನ ಪಕ್ಕದಲ್ಲಿದ್ದವರು ಲೆಕ್ಕಪತ್ರದ ಕೆಲಸ ಬಿಟ್ಟು ಆರು ವರ್ಷ ಮನೆಯಲ್ಲಿದ್ದು ಬಂದಿದ್ದ ಬಿ.ಕಾಂ. ಪದವೀಧರೆ. ಅವರು ನನಗೆ ಮೊದಲ ಎರಡು ವಾರದಲ್ಲಿ ಹಾಕಿಸಿದ ಕೆಂಪು ಗೀಟುಗಳನ್ನು ಎಣಿಸಲು ನನಗೆ ಇಷ್ಟವಿಲ್ಲ.

ಕಾರ್ಖಾನೆಯ ಏಳು ವರ್ಷ ವ್ಯರ್ಥವಲ್ಲ ಎಂದು ನನಗೆ ಮೊದಲು ತೋರಿಸಿದ್ದೂ ಇದೇ ಕ್ಲಾಸು. ವಯಸ್ಸು 18ರಿಂದ 60 ಇರಬೇಕೆಂಬ ಫಾರಂನಲ್ಲಿ 35 ಹಾಕಿ ನೋಡುವುದು ದಂಡ, 17, 18, 60, 61 ಹಾಕಿ ನೋಡಬೇಕು ಎಂದು ಅಧ್ಯಾಪಕರು ಹೇಳಿದಾಗ ನನ್ನ ಕೈಗೆ ಗೋ–ನೋಗೋ ಗೇಜ್ ಬಂದಂತಾಯಿತು. ರಂಧ್ರದ ಅಳತೆ ಮಿತಿಯ ಎರಡು ಅಂಚುಗಳಲ್ಲಿ ಹೇಗಿದೆ ಎಂದು ನೋಡುವುದೇ ನನ್ನ ಅನ್ನದ ಕೆಲಸವಾಗಿತ್ತಲ್ಲ. ಇನ್ನೊಂದು ಸಂಜೆ, ಹೆಸರಿಗೆ ಹತ್ತು ಅಕ್ಷರದ ಮಿತಿಯಿದ್ದ ಫಾರಂನಲ್ಲಿ ಕನ್ನಡದಲ್ಲಿ ‘ಕೃಷ್ಣಮೂರ್ತಿ’ ಎಂದು ತುಂಬಿದೆ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರದ ಹೆಸರನ್ನು ಫಾರಂ ಒಪ್ಪಲಿಲ್ಲ, ಏಕೆಂದರೆ ಕಂಪ್ಯೂಟರು ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸಿ ಹನ್ನೊಂದು ಎನ್ನುತ್ತದೆ. ಅಧ್ಯಾಪಕರು ಆ ದಿನದ ಪಾಠವನ್ನೇ ನಿಲ್ಲಿಸಿ ನನ್ನ ನೋಟ್‌ಬುಕ್ಕನ್ನು ಬೋರ್ಡಿನ ಮೇಲೆ ಬರೆಸಿದರು. ಮನೆಗೆ ಹೋಗುವ ರೈಲಿನಲ್ಲಿ ಸೀಟು ಸಿಗದಿದ್ದದ್ದು ಅಂದು ಗೊತ್ತೇ ಆಗಲಿಲ್ಲ.

ದಸರೆಯ ರಜೆ ಮುಗಿಸಿ ಬಂದಾಗ ಅವರು ಕೇಂದ್ರ ಬಿಟ್ಟು ಕಂಪನಿಯೊಂದಕ್ಕೆ ಸೇರಿಯಾಗಿತ್ತು. ಅವರ ಜಾಗಕ್ಕೆ ಬಂದವರು ಸ್ಲೈಡುಗಳನ್ನು ಓದಿದರು, ನಾವು ನೋಡಿಕೊಂಡು ಟೈಪ್ ಮಾಡಿದೆವು. ಕೋಡಿನಿಂದ ಕ್ರೋಮ್ ಬ್ರೌಸರನ್ನು ನಡೆಸಲು ಬೇಕಾದ ಕ್ರೋಮ್ ಡ್ರೈವರನ್ನು ಕೈಯಾರೆ ಇಳಿಸಿ ಅದರ ದಾರಿಯನ್ನು ಕೋಡಿನಲ್ಲಿ ಬರೆಯುವ ವಿಧಾನಕ್ಕೆ ಒಂದು ವಾರ ಹೋಯಿತು. ಪ್ರತಿ ಬಾರಿ ಕ್ರೋಮ್ ತಾನಾಗಿ ಅಪ್‌ಡೇಟ್ ಆದಾಗಲೂ ಅರ್ಧ ಕ್ಲಾಸಿನ ಪ್ರೋಗ್ರಾಂ ನಿಂತುಹೋಗುತ್ತಿತ್ತು. ವೆಬ್‌ಸೈಟುಗಳ ಪರೀಕ್ಷೆಯನ್ನು ಕೋಡಿನಿಂದ ನಡೆಸಲು ನಾವು ಬಳಸುತ್ತಿದ್ದ ಸೆಲೆನಿಯಮ್ ಎಂಬ ಸಾಧನದ 4.6 ಆವೃತ್ತಿ ಬಂದ 2022ರ ನವೆಂಬರಿನಿಂದಲೇ ಈ ಕೆಲಸವನ್ನು ಅದು ತಾನೇ ನೋಡಿಕೊಳ್ಳುತ್ತದೆ ಎಂಬುದನ್ನು ನಾನು ಮನೆಯಲ್ಲಿ ಓದಿ ತಿಳಿದೆ. ಕ್ಲಾಸಿನಲ್ಲಿ ಹೇಳಿದಾಗ, ಸಿಲೆಬಸ್ಸಿನಲ್ಲಿ ಇರುವುದನ್ನು ಮಾತ್ರ ಮಾಡೋಣ ಎಂಬ ಉತ್ತರ ಬಂತು. ನೋಟ್‌ಬುಕ್ಕು ಬದಲಿಸಿಕೊಳ್ಳುವ ಪದ್ಧತಿಯೂ ನಿಂತಿತು. ಪಕ್ಕದವರೂ ನಾನೂ ಮಾತ್ರ ಅದನ್ನು ವಾಟ್ಸಾಪಿನಲ್ಲಿ ಡಿಸೆಂಬರಿನವರೆಗೆ ಮುಂದುವರಿಸಿದೆವು.

ನನ್ನನ್ನು ನಿಜವಾಗಿ ಕೆರಳಿಸಿದ್ದು ಪ್ಲೇಸ್‌ಮೆಂಟ್ ವಿಭಾಗ. ಫ್ರೆಶರ್ ಎಂದರೆ ಯಾರೂ ಕರೆಯುವುದಿಲ್ಲ, ಕಾರ್ಖಾನೆಯ ಅನುಭವವನ್ನು ತೆಗೆದುಹಾಕಿ ಮೂರು ವರ್ಷದ ಟೆಸ್ಟಿಂಗ್ ಅನುಭವ ಇದೆಯೆಂದು ರೆಸ್ಯೂಮೆಯಲ್ಲಿ ಬರೆಯಿರಿ, ಪತ್ರಗಳ ವ್ಯವಸ್ಥೆ ಮಾಡಿಸೋಣ ಎಂದು ಅಲ್ಲಿನವರು ನಗುನಗುತ್ತಲೇ ಹೇಳಿದರು. ಏಳು ವರ್ಷ ನನ್ನ ಪಿಎಫ್ ಕಟ್ಟಿದವರು ಯಾರು ಎಂಬುದು ಯುಎಎನ್ (ಪಿಎಫ್ ಸದಸ್ಯರ ಗುರುತು ಸಂಖ್ಯೆ) ಖಾತೆಯಲ್ಲಿ ತಿಂಗಳುವಾರು ದಾಖಲಾಗಿರುವಾಗ, ಹಿನ್ನೆಲೆ ಪರಿಶೀಲನೆಯಲ್ಲಿ ಈ ಸುಳ್ಳು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಾನು ಕೇಳಿದೆ. ಅದಾದ ಮೇಲೆ ಸಂದರ್ಶನಗಳ ಸಂದೇಶ ನನಗೆ ಬರುವುದೇ ನಿಂತಿತು.

ಕೆಲಸ ಸಿಕ್ಕಿದ್ದು 2024ರ ಮಾರ್ಚಿನಲ್ಲಿ, ಕಾರ್ಖಾನೆಗಳ ಉತ್ಪಾದನಾ ಲೆಕ್ಕದ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ, ನಾನೇ ಕಳಿಸಿದ ಅರ್ಜಿಯಿಂದ. ಸಂಬಳ ಮೊದಲ ವರ್ಷ ಹಳೆಯದಕ್ಕಿಂತ 4,000 ಕಡಿಮೆ. ಸಂದರ್ಶನದಲ್ಲಿ ಜಾವಾ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕೇಳಿದ್ದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅವರು ಕಾರ್ಖಾನೆಯಲ್ಲಿ ತಿರಸ್ಕರಿಸಿದ ಭಾಗಕ್ಕೆ ಕಟ್ಟುವ ರಿಜೆಕ್ಷನ್ ಟ್ಯಾಗಿನ ಬಗ್ಗೆ ಕೇಳುತ್ತಾ ನನ್ನ ನೋಟ್‌ಬುಕ್ಕನ್ನು ತಿರುವಿಹಾಕಿದರು.

ಹಾಗಾಗಿ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಮೂರೂ ಮೊದಲ ಮೂರು ತಿಂಗಳಿಗೆ. ಸಿದ್ಧಾಂತಕ್ಕೆ ಇಷ್ಟು ಹಣ ಕೊಡಬೇಕಾಗಿಯೇ ಇರಲಿಲ್ಲ: ಐಐಐಟಿ ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟಿಂಗ್ ಪಾಠಗಳು ಆನ್‌ಲೈನ್ ಶಿಕ್ಷಣದ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ, ಟೆಸ್ಟರುಗಳಿಗೆ ಪ್ರಮಾಣಪತ್ರ ಕೊಡುವ ಐಎಸ್‌ಟಿಕ್ಯೂಬಿ ಸಂಸ್ಥೆಯ ಫೌಂಡೇಶನ್ ಪರೀಕ್ಷೆಯ ಪಠ್ಯವೂ ಉಚಿತ, 40 ಪ್ರಶ್ನೆಗಳಲ್ಲಿ 26 ಸರಿಯಾದರೆ ಪಾಸು. ನಾನು ಹಣ ಕೊಟ್ಟದ್ದು ನನ್ನ ಬರವಣಿಗೆಯನ್ನು ದಿನವೂ ಇನ್ನೊಬ್ಬರು ಪರೀಕ್ಷಿಸುವ ಒಂದು ಕೋಣೆಗೆ, ಅದಕ್ಕೆ ಈಗಲೂ ಕೊಡುತ್ತೇನೆ. ಇನ್ನೊಮ್ಮೆ ಸೇರುವುದಾದರೆ ಡೆಮೊ ಬಿಟ್ಟು ನಾಲ್ಕನೇ ತಿಂಗಳು ನಡೆಯುತ್ತಿರುವ ಬ್ಯಾಚಿನಲ್ಲಿ ಒಂದು ಸಂಜೆ ಕೂರಲು ಬಿಡಿ ಎಂದು ಕೇಳುತ್ತೇನೆ, ಬಿಡದಿದ್ದರೆ ಕಾಫಿ ಕುಡಿದು ವಾಪಸು ಬರುತ್ತೇನೆ.

ಕಳೆದ ತಿಂಗಳು ಕೇಂದ್ರದಿಂದ ಫೋನ್ ಬಂದಿತ್ತು, ಕೆಲಸ ಸಿಕ್ಕಿದ ವಿದ್ಯಾರ್ಥಿಗಳ ಬೋರ್ಡಿಗೆ ನನ್ನ ಫೋಟೊ ಬೇಕಂತೆ. ಫೋಟೊದ ಕೆಳಗೆ ಮೊದಲ ಸಂಬಳವನ್ನೂ, ಅರ್ಜಿಯನ್ನು ನಾನೇ ಹಾಕಿದ್ದೆ ಎಂಬುದನ್ನೂ ಬರೆಯುವುದಾದರೆ ಕೊಡುತ್ತೇನೆ ಎಂದೆ. ಕೇಳಿ ಹೇಳುತ್ತೇವೆ ಎಂದವರು ಇನ್ನೂ ಹೇಳಿಲ್ಲ.